ಹಿಂದಿನ ಆಸನ

ಚರಿತ್ರೆಯ ಮನೆಗೆ ಇರುವುದು ಹೆಬ್ಬಾಗಿಲೊಂದೇ ಅಲ್ಲ. ಶಾಸನ, ಕಡತ, ಗ್ರಂಥಭಂಡಾರಗಳ ಮೂಲಕ ಒಳಹೋಗುವವರಿರುವಂತೆ, ಆಟಿಕೆಯನ್ನು ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಿನಿಂದ ಒಳಹೊಕ್ಕವರೂ ಉಂಟು. ಪುಣೆ, ಮುಂಬಯಿ, ಹೈದರಾಬಾದುಗಳ ಫ್ಲ್ಯಾಟುಗಳಲ್ಲಿ ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಎರಡನೆಯ ಮಹಾಯುದ್ಧದ ವಿಮಾನಗಳನ್ನು ‘ಹಾರಿಸುವ’, ಭಾನುವಾರ ಬಂತೆಂದರೆ ಅದೇ ವಿಮಾನದ ಪ್ಲಾಸ್ಟಿಕ್ ಪ್ರತಿಕೃತಿಯನ್ನು ಅಂಟು, ಉಪ್ಪುಕಾಗದ, ಬಣ್ಣಗಳನ್ನಿಟ್ಟುಕೊಂಡು ಕಟ್ಟುವ ಮಂದಿ ಇದ್ದಾರೆ. ನಮ್ಮ ಬಳಗದಲ್ಲಿಯೂ ಅಂಥವರು ಕೆಲವರಿದ್ದೇವೆ. ಮನೆಯವರ ಕಣ್ಣಿಗೆ ಇದು ವಯಸ್ಸು ಮೀರಿದವರ ಮಕ್ಕಳಾಟ. ಆ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಎರಡು ಆಟಗಳಿಗೂ ಒಂದು ಚರಿತ್ರೆಯಿದೆ, ಎರಡೂ ಒಮ್ಮೆ ಸೈನ್ಯಕ್ಕೆ ದುಡಿದು ಬಂದವು, ಮತ್ತು ಒಂದು ಆಟ ಮರೆಸುವುದನ್ನು ಇನ್ನೊಂದು ನೆನಪಿಗೆ ತರಬಲ್ಲದು ಎಂಬುದನ್ನು ಇಲ್ಲಿ ಹೇಳಬಯಸುತ್ತೇವೆ. ಅದಕ್ಕಾಗಿ ಒಂದೇ ವಿಮಾನವನ್ನು ಆರಿಸಿಕೊಂಡಿದ್ದೇವೆ: ಸೋವಿಯೆತ್ ದೇಶದ ಇಲ್ಯೂಶಿನ್ ಇಲ್-2.

ಮೊದಲು ಸಿಮ್ಯುಲೇಟರಿನ ಮಾತು. ನೆಲದ ಮೇಲೆ ಕುಳಿತು ಹಾರಾಟ ಕಲಿಸುವ ಯಂತ್ರಗಳಲ್ಲಿ ಹೆಸರಾದದ್ದು ಅಮೆರಿಕದ ಎಡ್ವಿನ್ ಲಿಂಕ್ 1920ರ ದಶಕದ ಕೊನೆಯಲ್ಲಿ ನಿರ್ಮಿಸಿದ ‘ಲಿಂಕ್ ಟ್ರೇನರ್’. ಲಿಂಕ್ ಅವರ ತಂದೆಗೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ, ಪುಟ್ಟ ರೆಕ್ಕೆಗಳ ಒಂದು ಪೆಟ್ಟಿಗೆಯನ್ನು ಅವರು ಓಲಾಡುವಂತೆ ಮಾಡಿದರು. ವಿಮಾನಯಾನದ ಶಾಲೆಗಳು ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಮೊದಮೊದಲು ಅದನ್ನು ಕೊಂಡವರಲ್ಲಿ ಮನರಂಜನೆಯ ಉದ್ಯಾನಗಳವರೇ ಹೆಚ್ಚು. ಜಾತ್ರೆಯ ತೊಟ್ಟಿಲಿನ ಸಾಲಿನಲ್ಲಿ ಅದೂ ಒಂದಾಗಿತ್ತು. 1934ರಲ್ಲಿ ಅಮೆರಿಕದ ಸೈನ್ಯ ಅಂಚೆ ಸಾಗಿಸುವ ಹೊಣೆ ಹೊತ್ತು, ಮೋಡ ಮುಸುಕಿದ ಚಳಿಗಾಲದಲ್ಲಿ ಉಪಕರಣಗಳನ್ನು ನೋಡಿ ಹಾರಲು ತಿಳಿಯದ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಸತ್ತಾಗ ಮಾತ್ರ ಆ ಪೆಟ್ಟಿಗೆಯ ಬೆಲೆ ತಿಳಿಯಿತು. ಸೈನ್ಯ ಆರು ಯಂತ್ರಗಳನ್ನು ಕೊಂಡಿತು. ಮಹಾಯುದ್ಧ ಮುಗಿಯುವ ಹೊತ್ತಿಗೆ ಸುಮಾರು 10,000 ಯಂತ್ರಗಳು ತಯಾರಾಗಿ, ಐದು ಲಕ್ಷಕ್ಕೂ ಹೆಚ್ಚು ಪೈಲಟ್‌ಗಳು ಅವುಗಳಲ್ಲಿ ಕುಳಿತು ಕಲಿತಿದ್ದರು.

ಪ್ರತಿಕೃತಿಯ ಕಥೆಯೂ ಹೀಗೆಯೇ ಇದೆ. 1930ರ ದಶಕದ ಬ್ರಿಟನ್ನಿನಲ್ಲಿ ‘ಸ್ಕೈಬರ್ಡ್ಸ್’ ಎಂಬ ಮರದ ಮಾದರಿಗಳು ಮಕ್ಕಳ ಕೈಗೆ ಬಂದಾಗ, ಆರು ಅಡಿಯ ಮನುಷ್ಯನನ್ನು ಒಂದು ಅಂಗುಲಕ್ಕೆ ಇಳಿಸುವ ಲೆಕ್ಕದಿಂದ 1:72 ಎಂಬ ಪ್ರಮಾಣ ನೆಲೆಗೊಂಡಿತು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಮಾಣಗಳಲ್ಲಿ ಅದೂ ಒಂದು. ವಿಮಾನದ ಗಾತ್ರವನ್ನು ಅಳೆಯಲು ಮನುಷ್ಯನ ದೇಹವೇ ಮಾನದಂಡವಾಯಿತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಮಾತಿಗೆ ಮುಂದೆ ಮರಳುತ್ತೇವೆ. 1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ಶಾಲಾಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಬೇಡಿತು: ಐವತ್ತು ಬಗೆಯ ವಿಮಾನ, ಬಗೆಗೆ ಹತ್ತು ಸಾವಿರ. ಎಲ್ಲವೂ 1:72 ಪ್ರಮಾಣದವು, ಎಲ್ಲಕ್ಕೂ ಕಪ್ಪು ಬಣ್ಣ. ಹತ್ತು ಮೀಟರ್ ದೂರದಲ್ಲಿ ತೂಗುಬಿಟ್ಟ ಆ ಮಾದರಿ, 720 ಮೀಟರ್ ದೂರದ ನಿಜವಾದ ವಿಮಾನದಷ್ಟೇ ಕಣ್ಣಿಗೆ ಕಾಣುತ್ತದೆ. ಆಗಸದಲ್ಲಿ ಬರುತ್ತಿರುವುದು ಸ್ವಪಕ್ಷದ್ದೋ ಶತ್ರುವಿನದೋ ಎಂದು ಕ್ಷಣದಲ್ಲಿ ಗುರುತಿಸಲು ಸೈನಿಕರು ಇವುಗಳಿಂದ ಕಲಿತರು. ಮಕ್ಕಳ ಕೈಚಳಕ ಹೀಗೆ ಗುರಿ ಹಿಡಿಯುವ ಪಾಠವಾಯಿತು.

ಯುದ್ಧ ಮುಗಿದ ಮೇಲೆ ಎರಡೂ ಮತ್ತೆ ಆಟವಾದವು. ಹಂಗೆರಿಯಿಂದ ಬ್ರಿಟನ್ನಿಗೆ ವಲಸೆ ಬಂದ ನಿಕೊಲಸ್ ಕೋವ್ 1939ರಲ್ಲಿ ಸ್ಥಾಪಿಸಿದ, ಬಾಚಣಿಗೆ ಮುಂತಾದ ಪ್ಲಾಸ್ಟಿಕ್ ಸಾಮಾನು ಮಾಡುತ್ತಿದ್ದ ಏರ್‌ಫಿಕ್ಸ್ ಕಂಪನಿ 1950ರ ದಶಕದಲ್ಲಿ ಸ್ಪಿಟ್‌ಫೈರ್ ವಿಮಾನದ ಅಗ್ಗದ ಕಿಟ್ ತಂದಿತು. ಯುದ್ಧದಿಂದ ಮರಳಿದ ತಂದೆಯರ ಮಕ್ಕಳು ಅದನ್ನು ಊಟದ ಮೇಜಿನ ಮೇಲೆ ಕಟ್ಟಿದರು. ಇನ್ನೊಂದು ಕಡೆ, 1980ರಲ್ಲಿ ಬ್ರೂಸ್ ಆರ್ಟ್‌ವಿಕ್ ಆಪಲ್-2 ಕಂಪ್ಯೂಟರಿಗಾಗಿ ರೂಪಿಸಿದ ‘ಫ್ಲೈಟ್ ಸಿಮ್ಯುಲೇಟರ್’ ಬಂತು. ಕೆಲವೇ ಗೆರೆಗಳಲ್ಲಿ ಮೂಡುತ್ತಿದ್ದ ಆ ಪ್ರಪಂಚದಲ್ಲಿಯೂ ಮೊದಲ ಮಹಾಯುದ್ಧದ ವಾಯುಕಾಳಗದ ಆಟವೊಂದು ಸೇರಿತ್ತು. ಹಾರಾಟವನ್ನು ಕಲ್ಪಿಸಿಕೊಂಡ ಕೂಡಲೇ ಕಾದಾಟವನ್ನೂ ಕಲ್ಪಿಸಿಕೊಳ್ಳುವುದು ನಮ್ಮ ಕಾಲದ ಜಾಯಮಾನವೇ ಇರಬೇಕು.

2001ರಲ್ಲಿ ಮಾಸ್ಕೋದ ಒಲೆಗ್ ಮ್ಯಾಡಾಕ್ಸ್ ಅವರ ತಂಡ ‘ಇಲ್-2 ಸ್ಟರ್ಮೊವಿಕ್’ ಎಂಬ ಸಿಮ್ಯುಲೇಟರನ್ನು ಹೊರತಂದಿತು. ಅದುವರೆಗೆ ಇಂಥ ಆಟಗಳೆಂದರೆ ಬಹುಪಾಲು ಬ್ರಿಟನ್ನಿನ ಆಕಾಶ, ಇಲ್ಲವೆ ಪೆಸಿಫಿಕ್ ಸಾಗರ. ಸ್ಪಿಟ್‌ಫೈರ್, ಮಸ್ಟ್ಯಾಂಗ್‌ಗಳೇ ನಾಯಕರು. ಜರ್ಮನ್ ಸೇನೆಯ ಬಹುಭಾಗ ಹೋರಾಡಿ ಸವೆದದ್ದು ಪೂರ್ವ ರಂಗದಲ್ಲಿ ಎಂಬ ಸಂಗತಿ ಇಂಗ್ಲಿಷಿನ ಮೂಲಕ ಯುದ್ಧಚರಿತ್ರೆ ಓದಿದ ನಮ್ಮಂಥವರ ಅರಿವಿನ ಅಂಚಿನಲ್ಲಿತ್ತು. ಈ ಆಟ ಅದನ್ನು ನಡುವಿಗೆ ತಂದಿತು. ಲೆನಿನ್‌ಗ್ರಾಡ್, ಸ್ಟಾಲಿನ್‌ಗ್ರಾಡ್, ಕುರ್ಸ್ಕ್ ಎಂಬ ಹೆಸರುಗಳು ನಕ್ಷೆಯಿಂದ ಎದ್ದು, ಹಿಮ ಹೊದ್ದ ಬಯಲುಗಳಾಗಿ ಪರದೆಯ ಮೇಲೆ ಹರಡಿದವು. ಆಟದ ಹೆಸರನ್ನು ಹೊತ್ತದ್ದು ನಯವಾದ ಕಾಳಗದ ವಿಮಾನವಲ್ಲ. ನೆಲಕ್ಕೆ ಹತ್ತಿರ ಹಾರಿ ಟ್ಯಾಂಕು, ಲಾರಿ, ಕಂದಕಗಳ ಮೇಲೆ ದಾಳಿ ಮಾಡುವ, ದಪ್ಪ ಮೂಗಿನ, ಮಂದಗತಿಯ ವಿಮಾನ. ರಷ್ಯನ್ ಭಾಷೆಯಲ್ಲಿ ‘ಸ್ಟರ್ಮೊವಿಕ್’ ಎಂದರೆ ನೆಲದಾಳಿಯ ವಿಮಾನ ಎಂದೇ ಅರ್ಥ.

ಸೆರ್ಗೆಯ್ ಇಲ್ಯೂಶಿನ್ ರೂಪಿಸಿದ ಈ ವಿಮಾನದ ಹೊಸತನವಿದ್ದದ್ದು ಅದರ ಕವಚದಲ್ಲಿ. ಅದಕ್ಕೆ ಮೊದಲು ವಿಮಾನದ ಎಲುಬುಗೂಡನ್ನು ಕಟ್ಟಿ, ಮೇಲೆ ಉಕ್ಕಿನ ಫಲಕಗಳನ್ನು ತೂಗುಹಾಕುತ್ತಿದ್ದರು. ಅದು ಸುಮ್ಮನೆ ಹೊರುವ ಭಾರ. ಇಲ್ಯೂಶಿನ್ ಆ ಉಕ್ಕನ್ನೇ ಎಲುಬಾಗಿಸಿದರು. ಎಂಜಿನ್, ಇಂಧನದ ತೊಟ್ಟಿ, ಪೈಲಟ್ ಎಲ್ಲರೂ ಕುಳಿತುಕೊಳ್ಳುವ ಉಕ್ಕಿನ ತೊಟ್ಟಿಲೊಂದೇ ವಿಮಾನದ ಮುಂಭಾಗ. ಅದರ ತೂಕ ಸುಮಾರು 700 ಕಿಲೋ. ಅದರ ಹಿಂದಿನ ಒಡಲು ಬಹುಕಾಲ ಮರದ್ದು. 1941ರ ಶರತ್ಕಾಲದಲ್ಲಿ ಜರ್ಮನ್ ಸೇನೆ ಮುನ್ನುಗ್ಗಿದಾಗ ವೊರೊನೆಜ್ ನಗರದ ಕಾರ್ಖಾನೆಯನ್ನು ಕಿತ್ತು, ರೈಲುಗಳಲ್ಲಿ ಹೇರಿ, ವೋಲ್ಗಾ ದಡದ ಕುಯ್ಬಿಶೆವ್‌ಗೆ ಸಾಗಿಸಿದರು. ಅಲ್ಲಿಯ ಚಳಿಯಲ್ಲಿ ಉತ್ಪಾದನೆ ತಡವಾದಾಗ ಸ್ಟಾಲಿನ್ ಕಾರ್ಖಾನೆಯ ಮುಖ್ಯಸ್ಥರಿಗೆ ತಂತಿ ಕಳಿಸಿ, ಕೆಂಪು ಸೇನೆಗೆ ಈ ವಿಮಾನ ಗಾಳಿಯಷ್ಟೇ, ರೊಟ್ಟಿಯಷ್ಟೇ ಅಗತ್ಯವೆಂದು ಬೆದರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಯುದ್ಧ ಮುಗಿಯುವಷ್ಟರಲ್ಲಿ ತಯಾರಾದ ಇಲ್-2ಗಳ ಸಂಖ್ಯೆ 36,000ವನ್ನು ದಾಟಿತ್ತು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕಟ್ಟಿದ ಸಮರವಿಮಾನ ಇನ್ನೊಂದಿಲ್ಲ.

ಇಷ್ಟು ವಿವರಗಳು ಆಟವಾಡಿದ ಯಾರಿಗೂ ಹೊಸತಲ್ಲ. ಪ್ರತಿಕೃತಿ ಕಟ್ಟಲು ಕುಳಿತಾಗ ಎದುರಾಗುವುದು ಬೇರೆ ಬಗೆಯ ವಿವರ. 1:48 ಪ್ರಮಾಣದಲ್ಲಿ ಇಲ್-2ರ ರೆಕ್ಕೆಗಳ ಹರವು 30 ಸೆಂಟಿಮೀಟರಿಗೆ ತುಸು ಹೆಚ್ಚು. ಅದರಲ್ಲಿ ಕೂರುವ ಮನುಷ್ಯನ ಎತ್ತರ ಕಿರುಬೆರಳಿಗಿಂತ ಕಡಿಮೆ. ಆರು ಮಿಲಿಮೀಟರಿನ ಉಕ್ಕಿನ ತಗಡು ಈ ಅಳತೆಯಲ್ಲಿ 0.125 ಮಿಲಿಮೀಟರಿಗೆ, ಎಂದರೆ ದಪ್ಪ ಕಾಗದದಷ್ಟಕ್ಕೆ, ಇಳಿಯುತ್ತದೆ. ಅಷ್ಟು ತೆಳ್ಳಗೆ ಪ್ಲಾಸ್ಟಿಕ್ಕನ್ನು ಅಚ್ಚೊತ್ತಲು ಆಗದು. ಕಿಟ್ಟಿನ ಗೋಡೆ ಒಂದು ಮಿಲಿಮೀಟರ್ ಇದ್ದರೂ ಅದು 48 ಮಿಲಿಮೀಟರ್ ಉಕ್ಕಿಗೆ ಸಮ. ಆದ್ದರಿಂದ ಮಾದರಿ ಕಟ್ಟುವವರು ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜುಜ್ಜಿ ತೆಳುವಾಗಿಸುತ್ತಾರೆ. ಹೀಗೆ ಉಜ್ಜುವಾಗ ಒಂದು ತಿಳಿವು ಬೆರಳ ತುದಿಯಿಂದ ಮೇಲೇರುತ್ತದೆ. ‘ಹಾರುವ ಟ್ಯಾಂಕ್’ ಎಂದು ಹೊಗಳಿಸಿಕೊಂಡ ಈ ವಿಮಾನದಲ್ಲಿ ಮನುಷ್ಯನಿಗೂ ಸಾವಿಗೂ ನಡುವೆ ಇದ್ದದ್ದು ಇಷ್ಟೇ.

ಕವಚದ ಕೆಲಸ ಮುಗಿದು ಹಿಂದಕ್ಕೆ ಸರಿದರೆ ಇನ್ನೊಂದು ತಾವು ಸಿಗುತ್ತದೆ. ಇಲ್-2ರ ಮೊದಲ ಮಾದರಿ 1939ರಲ್ಲಿ ಹಾರಿದಾಗ ಅದು ಇಬ್ಬರ ವಿಮಾನವಾಗಿತ್ತು. ಮುಂದೆ ಪೈಲಟ್, ಹಿಂದೆ ಬಂದೂಕು ಹಿಡಿದ ಗನ್ನರ್. ತೂಕ ಇಳಿಸಿ, ವೇಗವನ್ನೂ ಹಾರಾಟದ ದೂರವನ್ನೂ ಹೆಚ್ಚಿಸಬೇಕೆಂಬ ಒತ್ತಡದಲ್ಲಿ ಗನ್ನರನನ್ನು ಕೈಬಿಟ್ಟು, ಒಬ್ಬರ ವಿಮಾನವನ್ನಾಗಿ ಕಾರ್ಖಾನೆಗೆ ಒಪ್ಪಿಸಿದರು. ಯುದ್ಧ ಬಂತು. ಜರ್ಮನ್ ಕಾಳಗದ ವಿಮಾನಗಳು ಹಿಂದಿನಿಂದ ಬಂದು ರಕ್ಷಣೆಯಿಲ್ಲದ ಇಲ್-2ಗಳನ್ನು ಸಾಲುಸಾಲಾಗಿ ಉರುಳಿಸಿದವು. ರಂಗದಲ್ಲಿದ್ದ ಪಡೆಗಳು ತಾವೇ ಒಡಲಿನಲ್ಲಿ ರಂಧ್ರ ಕೊರೆದು ಗನ್ನರನನ್ನು ಕೂರಿಸಿದ್ದುಂಟು. ಕೊನೆಗೆ 1942ರ ಅಂತ್ಯದಿಂದ ಕಾರ್ಖಾನೆಯಿಂದಲೇ ಎರಡು ಆಸನದ ವಿಮಾನಗಳು ಬರತೊಡಗಿದವು. ಆದರೆ ಉಕ್ಕಿನ ತೊಟ್ಟಿಲು ಪೈಲಟನ ಬೆನ್ನಿಗೇ ಮುಗಿಯುತ್ತಿತ್ತು. ಅದನ್ನು ಹಿಗ್ಗಿಸಬೇಕಾದರೆ ಇಡೀ ವಿನ್ಯಾಸವನ್ನೇ ಬದಲಿಸಬೇಕು, ಉತ್ಪಾದನೆ ನಿಲ್ಲಿಸಬೇಕು. ಆ ಯುದ್ಧದ ನಡುವೆ ಅದು ಆಗದ ಮಾತು. ಹೀಗಾಗಿ ಗನ್ನರ್ ಕುಳಿತದ್ದು ಕವಚದ ಆಚೆಗೆ. ಅವನ ಪಾಲಿಗೆ ದೊರೆತ ರಕ್ಷಣೆ ಅತ್ಯಲ್ಪ. ಅವನಿಗೆ ಸರಿಯಾದ ಆಸನವೂ ಇರಲಿಲ್ಲ. ಅಡ್ಡಲಾಗಿ ಕಟ್ಟಿದ ಕ್ಯಾನ್ವಾಸಿನ ಒಂದು ಪಟ್ಟಿಯೇ ಆಸನ.

ಸಿಮ್ಯುಲೇಟರಿನಲ್ಲಿ ಆಟಗಾರ ಕೂರುವುದು ಮುಂದಿನ ಆಸನದಲ್ಲಿ. ಒಂದು ಗುಂಡಿಯೊತ್ತಿ ಹಿಂದಿನ ಸ್ಥಾನಕ್ಕೆ ಹೋಗಬಹುದು, ನಿಜ. ಆದರೂ ಬಹಳ ಹೊತ್ತು ಅದನ್ನು ಕಂಪ್ಯೂಟರಿಗೇ ಬಿಟ್ಟಿರುತ್ತೇವೆ. ಗನ್ನರ್ ಸತ್ತರೆ ಹಿಂದಿನ ಬಂದೂಕು ಮೌನವಾಗುತ್ತದೆ, ಅಷ್ಟೆ. ಕಾರ್ಯಾಚರಣೆ ಮುಂದುವರಿಯುತ್ತದೆ. ಎಲ್ಲ ಕೆಟ್ಟರೂ ಮತ್ತೆ ಹಾರುವ ಅವಕಾಶ ಇದ್ದೇ ಇದೆ. ಆಟದ ರಚನೆಯೇ ಹಾಗೆ. ನಾವು ಎಲ್ಲಿ ಕೂರುತ್ತೇವೆಯೋ ಅಲ್ಲಿಂದ ಕಾಣುವಷ್ಟೇ ಜಗತ್ತು. ಪ್ರತಿಕೃತಿಗೆ ಅಂಥ ಒಂದೇ ದೃಷ್ಟಿಕೋನವಿಲ್ಲ. ಮೂಗು, ಬಾಲ, ಹೊಟ್ಟೆ ಎಲ್ಲವನ್ನೂ ಸಮನಾಗಿ ಕಟ್ಟಲೇಬೇಕು. ಚಿಮಟದಲ್ಲಿ ಹಿಡಿದ ಕೆಲವೇ ಮಿಲಿಮೀಟರ್ ಉದ್ದದ ಆ ಪಟ್ಟಿಗೆ ಖಾಕಿ ಬಣ್ಣ ಬಳಿದು, ಅದರ ಎರಡು ತುದಿಗಳನ್ನು ಅಂಟಿಸಿ, ಒಣಗುವವರೆಗೆ ಕಾಯಬೇಕು. ಮುಂಬಯಿಯ ಮಳೆಗಾಲದಲ್ಲಿ ಈ ಕಾಯುವಿಕೆ ಇನ್ನೂ ದೀರ್ಘ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬಿಳಿಯ ಮಬ್ಬು ಕವಿಯುತ್ತದೆ. ಕಾಯುವ ಆ ಹೊತ್ತಿನಲ್ಲಿ, ಯಾರು ಇಲ್ಲಿ ಕುಳಿತಿದ್ದರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ನಮ್ಮನ್ನು ಆಟದಿಂದ ಚರಿತ್ರೆಗೆ ದಾಟಿಸಿದ್ದು ಈ ಪ್ರಶ್ನೆ.

ಒಂದು ಉತ್ತರ ಹೀಗಿದೆ. ಅನ್ನಾ ಯೆಗೊರೊವಾ ಇಲ್-2 ಹಾರಿಸಿದ ಬೆರಳೆಣಿಕೆಯ ಹೆಣ್ಣುಮಕ್ಕಳಲ್ಲಿ ಒಬ್ಬರು. ಅವರ ವಿಮಾನದ ಹಿಂದಿನ ಆಸನದಲ್ಲಿದ್ದವರೂ ಒಬ್ಬ ಹೆಣ್ಣುಮಗಳು, ಯೆವ್ದೊಕಿಯಾ ನಜಾರ್ಕಿನಾ. 1944ರ ಆಗಸ್ಟಿನಲ್ಲಿ ವಾರ್ಸಾ ನಗರದ ದಕ್ಷಿಣಕ್ಕೆ ನಡೆದ ಕಾದಾಟದಲ್ಲಿ ಅವರ ವಿಮಾನ ಉರುಳಿತು. ನಜಾರ್ಕಿನಾ ಸತ್ತರು. ಯೆಗೊರೊವಾ ತೀವ್ರ ಸುಟ್ಟಗಾಯಗಳೊಡನೆ ಜರ್ಮನರ ಸೆರೆಯಾದರು. 1945ರ ಜನವರಿಯಲ್ಲಿ ಸೆರೆಶಿಬಿರದಿಂದ ಬಿಡುಗಡೆಯಾದಾಗ ತಮ್ಮದೇ ದೇಶದ ಗುಪ್ತಚರರು ಅವರನ್ನು ಶಂಕೆಯಿಂದ ಕಂಡು ವಿಚಾರಣೆಗೆ ಗುರಿಮಾಡಿದರು. ಸೋವಿಯೆತ್ ಒಕ್ಕೂಟದ ವೀರ ಎಂಬ ಬಿರುದು ಸಂದದ್ದು 1965ರಲ್ಲಿ, ಎರಡು ದಶಕಗಳ ತರುವಾಯ. ಯೆಗೊರೊವಾ ಅವರ ನೆನಪುಗಳು ಪುಸ್ತಕವಾಗಿ ಉಳಿದಿವೆ. ನಜಾರ್ಕಿನಾ ಅವರನ್ನು ನಾವು ಅರಿಯುವುದು ಇನ್ನೊಬ್ಬರ ನೆನಪಿನ ಮೂಲಕ. ಹಿಂದಿನ ಆಸನದ ಬಹುಮಂದಿಗೆ ಅಷ್ಟೂ ಇಲ್ಲ. 1944ರಲ್ಲಿ ಹಾರಿದ ಮುಂದಿನ ವಿಮಾನ ಇಲ್-10ರಲ್ಲಿ ಗನ್ನರನನ್ನೂ ಕವಚದೊಳಕ್ಕೆ ಸೇರಿಸಿಕೊಂಡರು. ಎಂದರೆ ವಿನ್ಯಾಸಕಾರರಿಗೆ ಲೋಪ ಗೊತ್ತಿತ್ತು. ಅದನ್ನು ಸರಿಪಡಿಸುವವರೆಗಿನ ಕಾಲವನ್ನು ಗನ್ನರುಗಳ ಮೈ ತುಂಬಿಕೊಟ್ಟಿತು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ಕೊಲ್ಲುವ ಯಂತ್ರವನ್ನು ಚಂದಗಾಣಿಸಿ ಗಾಜಿನ ಕಪಾಟಿನಲ್ಲಿಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಇಲ್-2ರ ಕೆಳಗೆ ಕಂದಕಗಳಲ್ಲಿದ್ದವರೂ ಮನುಷ್ಯರು. ಕಪಾಟಿನಲ್ಲಿ ವಿಮಾನವಿರುತ್ತದೆ, ಕಂದಕವಿರುವುದಿಲ್ಲ. ಜರ್ಮನ್ ವಿಮಾನಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮೊನಚು. ಜರ್ಮನಿಯ ಕಾನೂನು ನಾಜಿ ಸ್ವಸ್ತಿಕದ ಪ್ರದರ್ಶನವನ್ನು ನಿಷೇಧಿಸಿ, ಶಿಕ್ಷಣ, ಕಲೆ ಮುಂತಾದವುಗಳಿಗಷ್ಟೇ ವಿನಾಯಿತಿ ಕೊಡುತ್ತದೆ. ಆದುದರಿಂದ ಅನೇಕ ಕಿಟ್‌ಗಳ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಬಾಲದ ಗುರುತು ಮಾಯವಾಗಿರುತ್ತದೆ. ಒಳಗಿನ ಡೆಕಾಲ್ ಹಾಳೆಯಲ್ಲಿ ಅದು ಎರಡು ತುಂಡಾಗಿರುತ್ತದೆ, ಬೇಕಾದವರು ಜೋಡಿಸಿಕೊಳ್ಳಲಿ ಎಂದು. ಹೊಸ್ತಿಲಿನ ಮೇಲೂ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೂ ಸ್ವಸ್ತಿಕವನ್ನು ಬರೆದು ಬೆಳೆದ ನಮಗೆ ಆ ಎರಡು ತುಂಡುಗಳ ಮುಂದೆ ಕೈ ತಡೆಯುತ್ತದೆ. ಫಿನ್ಲೆಂಡಿನ ವಾಯುಪಡೆ 1918ರಿಂದಲೇ, ಸ್ವೀಡನ್ನಿನ ಎರಿಕ್ ವಾನ್ ರೋಸೆನ್ ಕೊಟ್ಟ ವಿಮಾನದ ಮೇಲಿದ್ದ ನೀಲಿ ಸ್ವಸ್ತಿಕವನ್ನು ತನ್ನ ಗುರುತಾಗಿ ತಳೆದಿತ್ತು. ಅದಕ್ಕೆ ನಾಜಿಗಳ ನಂಟಿರಲಿಲ್ಲ. ಒಂದೇ ಆಕಾರ, ಮೂರು ಅರ್ಥ. ಗುರುತನ್ನು ಅಳಿಸಿದರೆ ಆ ವಿಮಾನ ಯಾರ ಸೇವೆಯಲ್ಲಿತ್ತೆಂಬುದು ಮರೆತುಹೋಗುತ್ತದೆ. ಅಂಟಿಸಿದರೆ ಅದೊಂದು ಅಲಂಕಾರವಾಗಿ ಬಿಡುವ ಭಯವಿದೆ. ನಮ್ಮಲ್ಲಿ ಅಂಟಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಯಾವುದನ್ನು ಮಾಡಿದರೂ ಏಕೆಂದು ಹೇಳಬಲ್ಲವರಾಗಿರಬೇಕು ಎಂಬಲ್ಲಿ ಮಾತ್ರ ಒಮ್ಮತವಿದೆ.

ಹೀಗೆ ಯೋಚಿಸುವಾಗ ಈ ದೂರದ ಚರಿತ್ರೆ ನಮ್ಮ ಊರಿಗೇ ಬಂದು ಸೇರುತ್ತದೆ. ಸಿಮ್ಯುಲೇಟರಿನಲ್ಲಿ ಇಲ್-2ರ ಬೆನ್ನಟ್ಟಿ ಬರುವ ಶತ್ರುಗಳಲ್ಲಿ ಫೋಕೆ-ವುಲ್ಫ್ 190 ಒಂದು. ಅದರ ವಿನ್ಯಾಸಕಾರ ಕುರ್ಟ್ ಟ್ಯಾಂಕ್. ಯುದ್ಧದ ನಂತರ ಅರ್ಜೆಂಟೀನಾಕ್ಕೆ ಹೋಗಿದ್ದ ಅವರು 1956ರಲ್ಲಿ ಬೆಂಗಳೂರಿಗೆ ಬಂದರು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಕಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ, ಭಾರತೀಯ ಎಂಜಿನಿಯರುಗಳೊಡನೆ ಸೇರಿ ಎಚ್‌ಎಫ್-24 ‘ಮಾರುತ’ ಜೆಟ್ ವಿಮಾನವನ್ನು ರೂಪಿಸಿದರು. ಅಲ್ಲಿಯೂ ಮೊದಲು ಹಾರಿದ್ದು ಒಂದು ಪ್ರತಿಕೃತಿಯೇ. ನಿಜವಾದ ಗಾತ್ರದ, ಎಂಜಿನ್ನಿಲ್ಲದ ಮರದ ಗ್ಲೈಡರನ್ನು 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆದು, ಬಿಟ್ಟು, ಅದು ಹೇಗೆ ಹಾರುತ್ತದೆಂದು ನೋಡಿ ಕಲಿತರು. ಒಂದಕ್ಕೆ ಒಂದರ ಪ್ರಮಾಣದ ಮಾದರಿ ಅದು, ಮತ್ತು ಸಿಮ್ಯುಲೇಟರೂ ಹೌದು.

1961ರ ಜೂನ್ 17ರಂದು ಮಾರುತವನ್ನು ಮೊದಲ ಬಾರಿಗೆ ಹಾರಿಸಿದವರು ಸುರಂಜನ್ ದಾಸ್. ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಲ್ಪಿಸಿದ ವಿಮಾನಕ್ಕೆ ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ಆದರೂ 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ಮಾರುತಗಳು ರಾಜಸ್ಥಾನದ ಗಡಿಯಲ್ಲಿ ನೆಲದಾಳಿ ನಡೆಸಿದವು, ಇಲ್-2 ಮಾಡಿದ್ದೂ ಇದೇ ಬಗೆಯ ಕೆಲಸ. ಅದನ್ನು ನೋಡಲು ಸುರಂಜನ್ ದಾಸ್ ಇರಲಿಲ್ಲ. 1970ರ ಜನವರಿಯಲ್ಲಿ, ಹೆಚ್ಚು ಶಕ್ತಿಯ ಎಂಜಿನ್ ಪಡೆಯಲು ನಡೆದ ಯತ್ನಗಳ ನಡುವೆ, ಮಾರುತದ ಪರೀಕ್ಷಾರ್ಥ ಹಾರಾಟದಲ್ಲಿಯೇ ಅವರು ತೀರಿಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ಬಸ್ಸು ಹಿಡಿದು ಓಡಾಡಿದ ನಮ್ಮಲ್ಲಿ ಎಷ್ಟು ಮಂದಿ ಆ ಹೆಸರಿನ ಹಿಂದೊಂದು ಕಾಕ್‌ಪಿಟ್ ಇದೆಯೆಂದು ಯೋಚಿಸಿದ್ದೇವೆ? ಟ್ಯಾಂಕ್ ಅವರ ಕೀರ್ತಿಯ ಹಿಂದೆಯೂ ಮರೆತ ಮಂದಿಯಿದ್ದಾರೆ. ಯುದ್ಧಕಾಲದ ಜರ್ಮನ್ ವಿಮಾನ ಕಾರ್ಖಾನೆಗಳಲ್ಲಿ ಪರದೇಶಗಳಿಂದ ಹಿಡಿದು ತಂದ ಜನ ಬಲವಂತದ ದುಡಿಮೆ ಮಾಡಿದರು. ಫೋಕೆ-ವುಲ್ಫ್ ಕಂಪನಿಯೂ ಅದಕ್ಕೆ ಹೊರತಾಗಿರಲಿಲ್ಲ. ಕಿಟ್ಟಿನ ಪೆಟ್ಟಿಗೆ ಈ ಸಂಗತಿಯನ್ನು ಹೇಳುವುದಿಲ್ಲ. ಬೆಂಗಳೂರಿನ ಹೆಮ್ಮೆಯ ಕಥೆಯನ್ನು ಹೇಳುವಾಗ ನಾವಾದರೂ ಅದನ್ನು ಬಿಡಬಾರದು.

ಹೊರನಾಡಿನಲ್ಲಿರುವ ನಮಗೆ ಮಾರುತವನ್ನು ನೋಡಲು ಬೆಂಗಳೂರಿನ ಕಸ್ತೂರಬಾ ರಸ್ತೆಗೆ ಹೋಗಬೇಕಾಗಿಲ್ಲ. ಪುಣೆಯ ಕಮಲಾ ನೆಹರು ಉದ್ಯಾನದಲ್ಲಿ ಒಂದಿದೆ, ಮುಂಬಯಿಯ ನೆಹರು ವಿಜ್ಞಾನ ಕೇಂದ್ರದಲ್ಲಿ ಒಂದು, ಚೆನ್ನೈನ ಪೆರಿಯಾರ್ ವಿಜ್ಞಾನ ಕೇಂದ್ರದಲ್ಲಿ ಇನ್ನೊಂದು. ಕನ್ನಡನಾಡಿನ ಕಾರ್ಖಾನೆಯಲ್ಲಿ ಹುಟ್ಟಿ, ನಮ್ಮ ಹಾಗೆಯೇ ಪರಊರುಗಳಲ್ಲಿ ನೆಲೆನಿಂತ ವಿಮಾನಗಳಿವು. ಮಕ್ಕಳು ಅವುಗಳ ಸುತ್ತ ಓಡುತ್ತಾರೆ, ದೊಡ್ಡವರು ಫೋಟೋ ತೆಗೆಯುತ್ತಾರೆ. ಅವುಗಳ ಮುಂದೆ ನಿಂತ ಮಗುವೊಂದು ಇದು ಎಷ್ಟು ಜೋರಾಗಿ ಹಾರುತ್ತಿತ್ತು ಎಂದು ಕೇಳಿದರೆ ವೇಗವನ್ನು ಹೇಳೋಣ. ಅದರೊಡನೆ ಇದನ್ನು ಬೆಸೆದವರು ಯಾರು, ಇದರೊಳಗೆ ಕುಳಿತವರು ಯಾರು, ಇದರ ಕೆಳಗೆ ಇದ್ದವರು ಯಾರು ಎಂಬುದನ್ನೂ ಹೇಳೋಣ. ಒಂದಂಗುಲದ ಮನುಷ್ಯನಿಂದ ವಿಮಾನವನ್ನು ಅಳೆಯಲು ಕಲಿಸಿದ ಆಟ ಅದು. ಅದನ್ನು ಆಡುವವರು ಈ ಮೂರು ಪ್ರಶ್ನೆಗಳನ್ನು ಕೇಳದೆ ಹೋದರೆ, ಮನೆಯವರು ಅದನ್ನು ಮಕ್ಕಳಾಟವೆಂದು ಕರೆಯುವುದರಲ್ಲಿ ತಪ್ಪೇನೂ ಇಲ್ಲ.